‘ಸೆನ್ಸರ್ ಹೋಗಿದೆ’ ಅಂದರೆ ಹೋಗಿದ್ದೇನು?

ಪುಣೆಯ ಗ್ಯಾರೇಜಿನಲ್ಲಿ ಮರಾಠಿ, ಚೆನ್ನೈನಲ್ಲಿ ತಮಿಳು, ಹೈದರಾಬಾದಿನಲ್ಲಿ ತೆಲುಗು, ದೆಹಲಿಯಲ್ಲಿ ಹಿಂದಿ. ಊರು ಬದಲಾದ ಹಾಗೆ ಮೆಕ್ಯಾನಿಕ್‌ನ ಮಾತೂ ಬದಲಾಗುತ್ತದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹೊತ್ತಿಕೊಂಡ ಕಾರನ್ನು ತಂದು ನಿಲ್ಲಿಸಿದರೆ ಕೇಳಿಬರುವ ವಾಕ್ಯ ಎಲ್ಲ ಕಡೆಯೂ ಒಂದೇ. ಸೆನ್ಸರ್ ಗೇಲಾ, ಸೆನ್ಸರ್ ಪೋಚ್ಚು, ಸೆನ್ಸರ್ ಪೋಯಿಂದಿ, ಸೆನ್ಸರ್ ಗಯಾ. ಕನ್ನಡದಲ್ಲಿ, ಸೆನ್ಸರ್ ಹೋಗಿದೆ.

ಐದು ಭಾಷೆಗಳಲ್ಲೂ ಕೆಟ್ಟ ವಸ್ತು ‘ಹೋಗುತ್ತದೆ’. ಈ ಒಮ್ಮತ ಭಾಷಾಪ್ರಿಯರಿಗೆ ಖುಷಿ ಕೊಡಬಹುದು, ಕಾರಿನ ಮಾಲೀಕರಿಗೆ ಕೊಡಬೇಕಿಲ್ಲ. ಯಾಕೆಂದರೆ ಬಹಳ ಸಲ ಆ ವಾಕ್ಯ ತಪ್ಪು. ಹೋಗಿರುವುದು ಬೇರೇನೋ, ಸೆನ್ಸರ್ ಅದನ್ನು ಹೇಳುತ್ತಿದೆ, ಅಷ್ಟೆ. ಹೇಳಿದವನನ್ನೇ ಕಿತ್ತುಹಾಕಿ ಹೊಸಬನನ್ನು ಕೂರಿಸಿದರೆ ಕೆಲವು ದಿನಗಳ ಮೇಲೆ ಅವನೂ ಅದನ್ನೇ ಹೇಳುತ್ತಾನೆ. ದೂತನನ್ನು ಕೊಲ್ಲಬಾರದು ಎಂದು ಬುದ್ಧಿ ಹೇಳಲು ರಾವಣನ ಆಸ್ಥಾನದಲ್ಲಿ ವಿಭೀಷಣನಾದರೂ ಇದ್ದ. ಗ್ಯಾರೇಜಿನಲ್ಲಿ ಆ ಮಾತು ಹೇಳುವವರು ಕಡಿಮೆ.

ರಜೆಗೆಂದು ಪುಣೆಯಿಂದ ಹುಬ್ಬಳ್ಳಿಗೆ ಹೊರಟ ಒಂದು ಕುಟುಂಬವನ್ನು ಊಹಿಸಿಕೊಳ್ಳಬಹುದು. ಕಾತ್ರಜ್ ದಾಟಿ ಖಂಬಾಟ್ಕಿ ಘಾಟಿ ಹತ್ತುವಾಗ ದೀಪ ಹೊತ್ತಿಕೊಳ್ಳುತ್ತದೆ. ಗಾಡಿ ಓಡುತ್ತಿದೆ, ಸದ್ದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಈಗಲೇ ನಿಲ್ಲಿಸಬೇಕೋ, ಸಾತಾರಾದಲ್ಲಿ ತೋರಿಸಬೇಕೋ, ಹುಬ್ಬಳ್ಳಿಯವರೆಗೂ ಹೋಗಬಹುದೋ? ದೀಪ ಹೇಳುವುದಿಲ್ಲ. ಅದಕ್ಕಿರುವುದು ಒಂದೇ ಆಕಾರ, ಎಂಜಿನ್ನಿನ ಪುಟ್ಟ ಚಿತ್ರ. ರಬ್ಬರ್ ಪೈಪೊಂದು ಕೂದಲೆಳೆಯಷ್ಟು ಬಿರುಕು ಬಿಟ್ಟರೂ ಅದೇ ಚಿತ್ರ, ಸಿಲಿಂಡರೊಂದು ಉರಿಯುವುದನ್ನೇ ನಿಲ್ಲಿಸಿದರೂ ಅದೇ ಚಿತ್ರ.

ಈ ಅಸಹಾಯಕತೆಗೆ ಯಂತ್ರ ಕಾರಣವಲ್ಲ. ದೀಪ ಹೊತ್ತಿದ್ದು ಯಾಕೆ, ಆ ಗಳಿಗೆಯಲ್ಲಿ ಎಂಜಿನ್ ಎಷ್ಟು ವೇಗವಾಗಿ ತಿರುಗುತ್ತಿತ್ತು, ಎಷ್ಟು ಬಿಸಿಯಾಗಿತ್ತು ಎಂಬುದೆಲ್ಲ ಕಾರಿನೊಳಗೇ ಬರೆದಿಟ್ಟಿರುತ್ತದೆ. ಅದನ್ನು ಓದುವ ಅಭ್ಯಾಸ ಮಾಲೀಕರಿಗಿಲ್ಲ, ಓದಿದ್ದನ್ನು ತೋರಿಸುವ ರೂಢಿ ಗ್ಯಾರೇಜಿಗಿಲ್ಲ, ಪೂರ್ತಿ ಓದಗೊಡುವ ಮನಸ್ಸು ತಯಾರಕರಿಗಿಲ್ಲ. ಈ ಮೂರೂ ಬದಲಾಗಬೇಕು. ಎಂಜಿನ್ ಕಂಪ್ಯೂಟರ್ ಕೊಡುವುದು ಸಾಕ್ಷ್ಯವನ್ನು, ತೀರ್ಪನ್ನಲ್ಲ. ಆ ಸಾಕ್ಷ್ಯದ ಪ್ರತಿ ಮೊದಲು ಸಿಗಬೇಕಾದದ್ದು ಕಾರಿನ ಮಾಲೀಕರಿಗೆ.

ಹೊಗೆ ಕಂಡು ಬೆಂಕಿಯ ಊಹೆ

ಎಂಜಿನ್ ಕಂಪ್ಯೂಟರ್, ಅಂದರೆ ಇಸಿಯು, ಅಂಗೈಗಿಂತ ಸ್ವಲ್ಪ ದೊಡ್ಡದಾದ ಲೋಹದ ಡಬ್ಬಿ. ಅದು ಎಂಜಿನ್ನನ್ನು ನೋಡುವುದಿಲ್ಲ, ಅದರ ಸದ್ದನ್ನು ಮನುಷ್ಯರ ಹಾಗೆ ಕೇಳುವುದೂ ಇಲ್ಲ. ಅದಕ್ಕೆ ತಲುಪುವುದು ತಂತಿಗಳಲ್ಲಿ ಬರುವ ವಿದ್ಯುತ್ ಸಂಕೇತಗಳು ಮಾತ್ರ. ಒಳಗೆ ಬರುವ ಗಾಳಿ ಎಷ್ಟು, ನೀರಿನ ಬಿಸಿ ಎಷ್ಟು, ಆಕ್ಸಿಲರೇಟರ್ ಎಷ್ಟು ತುಳಿದಿದೆ ಎಂಬುದೆಲ್ಲ ಅದಕ್ಕೆ ವೋಲ್ಟೇಜಿನ ಏರಿಳಿತ. ಅದರ ಮೇಲೆ ಎರಡು ನಿರ್ಧಾರ ಮಾಡಬೇಕು: ಎಷ್ಟು ಪೆಟ್ರೋಲ್ ಸಿಂಪಡಿಸಬೇಕು, ಯಾವಾಗ ಕಿಡಿ ಹೊತ್ತಿಸಬೇಕು. ನಿಮಿಷಕ್ಕೆ 3000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ 100 ಕಿಡಿ ಬೇಕು. ಅಂದರೆ ಈ ನಿರ್ಧಾರಗಳನ್ನು ಸೆಕೆಂಡಿಗೆ 100 ಸಲ ಮಾಡಬೇಕು.

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಈ ಅಳತೆ ಕೂಡಿಬಂದಾಗ ಸೈಲೆನ್ಸರ್‌ಗಿಂತ ಮುಂಚೆ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಹೊಗೆಯ ವಿಷವನ್ನು ಚೆನ್ನಾಗಿ ಕಡಿಮೆ ಮಾಡುತ್ತದೆ. ಅಳತೆ ಸರಿಯಾಯಿತೋ ಇಲ್ಲವೋ ತಿಳಿಯಲು ಹೊಗೆ ಹೋಗುವ ಕೊಳವೆಯಲ್ಲಿ ಆಮ್ಲಜನಕದ ಸೆನ್ಸರ್ ಇರುತ್ತದೆ. ಸಾಮಾನ್ಯ ಬಗೆಯ ಸೆನ್ಸರ್, ಉರಿದ ಮೇಲೆ ಆಮ್ಲಜನಕ ಮಿಕ್ಕಿದ್ದರೆ 0.1 ವೋಲ್ಟ್ ಆಸುಪಾಸು, ಮಿಕ್ಕಿಲ್ಲದಿದ್ದರೆ 0.9 ವೋಲ್ಟ್ ಆಸುಪಾಸು ತೋರಿಸುತ್ತದೆ. ಕಂಪ್ಯೂಟರ್ ಅದನ್ನು ನೋಡಿ ಪೆಟ್ರೋಲನ್ನು ಒಂದು ಚೂರು ಹೆಚ್ಚಿಸುತ್ತದೆ, ಒಂದು ಚೂರು ಇಳಿಸುತ್ತದೆ, ಮತ್ತೆ ಹೆಚ್ಚಿಸುತ್ತದೆ. ಸಾರಿನ ರುಚಿ ನೋಡುತ್ತ ಉಪ್ಪು ಹಾಕುವ ಅಡುಗೆಯವರ ಕೆಲಸವೇ ಇದು.

ಒಳ್ಳೆಯ ಅಡುಗೆಯವರಿಗೆ ನೆನಪೂ ಇರುತ್ತದೆ. ಈ ಉಪ್ಪಿಗೆ ಖಾರ ಕಡಿಮೆ, ಎರಡು ಚಿಟಿಕೆ ಹೆಚ್ಚು ಬೇಕು ಎಂದು ಅವರು ಕಲಿತಿರುತ್ತಾರೆ. ಕಂಪ್ಯೂಟರ್ ಕೂಡ ಹಾಗೇ ಕಲಿಯುತ್ತದೆ. ಲೆಕ್ಕಕ್ಕಿಂತ ಶೇಕಡಾ 4ರಷ್ಟು ಹೆಚ್ಚು ಪೆಟ್ರೋಲ್ ಮತ್ತೆ ಮತ್ತೆ ಬೇಕಾಗುತ್ತಿದ್ದರೆ ಅದನ್ನು ಸ್ಮರಣೆಗೆ ಹಾಕಿಕೊಳ್ಳುತ್ತದೆ. ಈ ತಿದ್ದುಪಡಿಗೆ ಫ್ಯುಯೆಲ್ ಟ್ರಿಮ್ ಎಂದು ಹೆಸರು. ಅದು ತಯಾರಕರು ಗೊತ್ತುಮಾಡಿದ ಮಿತಿ ದಾಟಿದಾಗ ದೀಪ ಹೊತ್ತುತ್ತದೆ.

ಇಲ್ಲೊಂದು ತೊಡಕಿದೆ. ಆ ಸೆನ್ಸರ್ ಗುರುತಿಸುವುದು ಆಮ್ಲಜನಕವನ್ನು, ಪೆಟ್ರೋಲನ್ನಲ್ಲ. ಒಂದು ಸಿಲಿಂಡರಿನಲ್ಲಿ ಕಿಡಿ ಹೊತ್ತಲಿಲ್ಲ ಎನ್ನೋಣ. ಗ್ಯಾರೇಜಿನ ಮಾತಿನಲ್ಲಿ ಗಾಡಿ ಮಿಸ್ಸಿಂಗ್ ಹೊಡೆಯುತ್ತಿದೆ. ಉರಿಯದ ಪೆಟ್ರೋಲೂ ಉರಿಯದ ಗಾಳಿಯೂ ಒಟ್ಟಿಗೇ ಹೊರಬರುತ್ತವೆ. ಸೆನ್ಸರ್‌ಗೆ ಕಾಣುವುದು ಮಿಕ್ಕ ಆಮ್ಲಜನಕ. ಅದು ‘ಗಾಳಿ ಹೆಚ್ಚಾಗಿದೆ’ ಎಂದು ವರದಿ ಕೊಡುತ್ತದೆ, ಕಂಪ್ಯೂಟರ್ ಇನ್ನಷ್ಟು ಪೆಟ್ರೋಲ್ ಸುರಿಯಬಹುದು. ಸೆನ್ಸರ್ ಕೆಟ್ಟಿಲ್ಲ, ಕಂಪ್ಯೂಟರೂ ಕೆಟ್ಟಿಲ್ಲ, ಆದರೂ ತೀರ್ಮಾನ ತಪ್ಪು. ತಪ್ಪು ಇರುವುದು ಕಾಣದ್ದನ್ನು ಕಂಡದ್ದರಿಂದ ಊಹಿಸಿದ್ದರಲ್ಲಿ.

ಭಾರತದ ತರ್ಕಶಾಸ್ತ್ರ ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆ ಬೇರೆಯಾಗಿ ಇಟ್ಟಿದೆ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ ಎಂದು ತಿಳಿಯುವುದು ಅನುಮಾನಕ್ಕೆ ಅದು ಕೊಡುವ ಹಳೆಯ ಉದಾಹರಣೆ. ಎಂಜಿನ್ ಕಂಪ್ಯೂಟರ್ ಮಾಡುವುದೂ ಅಕ್ಷರಶಃ ಇದನ್ನೇ: ಹೊಗೆ ನೋಡಿ ಬೆಂಕಿ ಹೇಗೆ ಉರಿಯಿತು ಎಂದು ಹೇಳುತ್ತದೆ. ಮಿಸ್ಸಿಂಗ್ ಕಂಡುಹಿಡಿಯುವ ರೀತಿಯೂ ಅನುಮಾನವೇ. ಕ್ರ್ಯಾಂಕಿಗೆ ಜೋಡಿಸಿದ ಹಲ್ಲಿನ ಚಕ್ರದ ಒಂದೊಂದು ಹಲ್ಲೂ ಸೆನ್ಸರಿನ ಮುಂದೆ ಹಾದುಹೋಗಲು ಎಷ್ಟು ಹೊತ್ತು ಹಿಡಿಯಿತು ಎಂದು ಅದು ಅಳೆಯುತ್ತದೆ. ಸಿಲಿಂಡರೊಂದು ಉರಿಯದಿದ್ದರೆ ಚಕ್ರ ಆ ಗಳಿಗೆಯಲ್ಲಿ ತುಸು ಮಂದವಾಗುತ್ತದೆ. ಆದರೆ ಗುಂಡಿ ಬಿದ್ದ ರಸ್ತೆಯಲ್ಲಿ ಗಾಲಿಗೆ ಬಿದ್ದ ಹೊಡೆತವೂ ಕ್ರ್ಯಾಂಕಿನವರೆಗೆ ಬಂದು ಅದೇ ರೀತಿ ಕಾಣಬಹುದು. ಹಾಗಾಗಿ ಅನೇಕ ಕಾರುಗಳು ರಸ್ತೆ ತೀರಾ ಕೆಟ್ಟಿದೆ ಅನ್ನಿಸಿದಾಗ ಮಿಸ್ಸಿಂಗ್ ಎಣಿಸುವುದನ್ನೇ ನಿಲ್ಲಿಸುತ್ತವೆ.

ಯಂತ್ರವನ್ನು ಮಾಡಿದವರಿಗೆ ಈ ಮಿತಿ ಗೊತ್ತಿತ್ತು. ಅದಕ್ಕೇ ಅವರು ಸಾಕ್ಷಿಗಳನ್ನು ಜೋಡಿಯಾಗಿ ಇಟ್ಟರು. ಆಕ್ಸಿಲರೇಟರ್ ಪೆಡಲಿಗೆ ಎರಡು ಸೆನ್ಸರ್. ಎರಡರ ಹೇಳಿಕೆ ತಾಳೆಯಾಗದಿದ್ದರೆ ಕಂಪ್ಯೂಟರ್ ಇಬ್ಬರನ್ನೂ ಪೂರ್ತಿ ನಂಬದೆ ಎಂಜಿನ್ನಿನ ಬಲ ತಗ್ಗಿಸುತ್ತದೆ. ನೀರಿನ ಬಿಸಿ ಅಳೆಯುವ ತಂತಿ ತುಂಡಾದರೆ ಆ ಸಂಕೇತದ ಅರ್ಥ ಸುಮಾರು ಮೈನಸ್ 40 ಡಿಗ್ರಿ ಎಂದಾಗುತ್ತದೆ. ಕಂಪ್ಯೂಟರ್ ಅದನ್ನು ನಂಬುವುದಿಲ್ಲ. ತಂತಿ ತುಂಡಾಗಿರಬೇಕು ಎಂದು ಬರೆದುಕೊಂಡು ಅಂದಾಜಿನ ಬಿಸಿ ಇಟ್ಟುಕೊಂಡು ಕೆಲಸ ನಡೆಸುತ್ತದೆ. ಹೆಚ್ಚಿನ ದೋಷಗಳಿಗೆ ಅದು ಒಂದೇ ಓಟದಲ್ಲಿ ದೀಪ ಹೊತ್ತಿಸುವುದೂ ಇಲ್ಲ, ಮುಂದಿನ ಓಟದಲ್ಲೂ ಅದೇ ಕಂಡರೆ ಮಾತ್ರ ಹೊತ್ತಿಸುತ್ತದೆ. ಯಂತ್ರಕ್ಕಿರುವ ಇಷ್ಟು ಸಂಶಯ, ಯಂತ್ರದ ವರದಿ ಓದುವವರಿಗೂ ಇರಬೇಕಲ್ಲವೇ?

ಐದು ಅಕ್ಷರದ ವ್ಯಾಕರಣ

ಕಂಪ್ಯೂಟರ್ ತನ್ನ ಅನುಮಾನವನ್ನು ಬರೆದಿಡುವ ಲಿಪಿಗೂ ವ್ಯಾಕರಣವಿದೆ. ಪಿ0171 ಎಂಬ ಕೋಡ್ ತೆಗೆದುಕೊಳ್ಳೋಣ. ಮೊದಲ ‘ಪಿ’ ಎಂದರೆ ಎಂಜಿನ್ ಮತ್ತು ಗೇರುಗಳ ವಿಭಾಗ. ಆ ಜಾಗದಲ್ಲಿ ‘ಬಿ’ ಬಂದರೆ ಕಾರಿನ ಮೈ, ‘ಸಿ’ ಬಂದರೆ ಬ್ರೇಕ್, ಸ್ಟಿಯರಿಂಗ್‌ಗಳ ಕೆಳಭಾಗ, ‘ಯು’ ಬಂದರೆ ಕಂಪ್ಯೂಟರ್‌ಗಳ ನಡುವಿನ ಸಂಪರ್ಕ. ಎರಡನೆಯ ಸ್ಥಾನದ 0 ಬಹಳ ಮುಖ್ಯ. ಇದು ಎಲ್ಲ ತಯಾರಕರಿಗೂ ಸಮಾನವಾದ ಕೋಡ್ ಎಂದು ಅದರ ಅರ್ಥ. ಅಲ್ಲಿ 1 ಇದ್ದರೆ ತಯಾರಕರ ಸ್ವಂತ ಕೋಡ್. ಮೂರನೆಯ 1 ಗಾಳಿ ಮತ್ತು ಇಂಧನದ ಲೆಕ್ಕ, ಅಲ್ಲಿ 3 ಇದ್ದರೆ ಕಿಡಿ ಮತ್ತು ಮಿಸ್ಸಿಂಗ್. ಕೊನೆಯ ಎರಡು ಅಂಕಿ ನಿರ್ದಿಷ್ಟ ದೋಷ. ಹಾಗೆ ಪಿ0301 ಎಂದರೆ 1ನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0304 ಎಂದರೆ 4ನೆಯದರಲ್ಲಿ. ಅರ್ಧ ಗಂಟೆಯಲ್ಲಿ ಕಲಿಯಬಹುದಾದ ವ್ಯಾಕರಣ ಇದು.

ಕಷ್ಟ ಇರುವುದು ಅರ್ಥದಲ್ಲಿ. ಪಿ0171ರ ಇಂಗ್ಲಿಷ್ ವಿವರಣೆ ‘ಸಿಸ್ಟಮ್ ಟೂ ಲೀನ್’. ಇದನ್ನು ಕನ್ನಡಕ್ಕೆ ತರಲು ಕೂತವರು ಮೊದಲ ಪದದಲ್ಲೇ ಸಿಕ್ಕಿಬೀಳುತ್ತಾರೆ. ‘ತೆಳು’ ಎಂದರೆ ಏನೂ ತಿಳಿಯುವುದಿಲ್ಲ. ‘ಗಾಳಿ ಹೆಚ್ಚಾಗಿದೆ’ ಎಂದರೆ ಎಲ್ಲಿಂದಲೋ ಗಾಳಿ ನುಗ್ಗುತ್ತಿದೆ ಎಂದಾಗುತ್ತದೆ. ‘ಪೆಟ್ರೋಲ್ ಕಡಿಮೆಯಾಗಿದೆ’ ಎಂದರೆ ಪಂಪ್ ಅಥವಾ ಫಿಲ್ಟರ್ ಮೇಲೆ ಅನುಮಾನ ಹೋಗುತ್ತದೆ. ಎರಡೂ ಅನುವಾದ ತಪ್ಪು, ಯಾಕೆಂದರೆ ಮೂಲದಲ್ಲಿ ಕಾರಣವೇ ಇಲ್ಲ. ಇರುವುದು ಎರಡರ ನಡುವಿನ ಸಂಬಂಧ ಮಾತ್ರ. ‘ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ’ ಎಂದು ಬರೆದರೆ ಮೂಲಕ್ಕೆ ಹತ್ತಿರ. ಕೋಡ್ ಓದಿದ ಕೂಡಲೇ ‘ಸೆನ್ಸರ್ ಹೋಗಿದೆ’ ಅನ್ನುವ ಮೆಕ್ಯಾನಿಕ್ ಮಾಡುವುದು ಆತುರದ ಅನುವಾದಕರು ಮಾಡುವ ತಪ್ಪನ್ನೇ: ಮೂಲದಲ್ಲಿ ಇಲ್ಲದ ಕಾರಣವನ್ನು ಅರ್ಥದೊಳಗೆ ತುರುಕುವುದು.

ಆ ಒಂದು ಕೋಡಿಗೆ ಅರ್ಧ ಡಜನ್ ಕಾರಣಗಳಿರಬಹುದು. ಗಾಳಿ ಹೋಗುವ ದಾರಿಯ ರಬ್ಬರ್ ಪೈಪ್ ಬಿರುಕು ಬಿಟ್ಟಿರಬಹುದು, ಗಾಳಿ ಅಳೆಯುವ ಸೆನ್ಸರ್ ಮೇಲೆ ಧೂಳು ಕೂತಿರಬಹುದು, ಪೆಟ್ರೋಲ್ ಪಂಪ್ ಸೋತಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು, ಹೊಗೆಯ ಕೊಳವೆ ಸೆನ್ಸರ್‌ಗಿಂತ ಮುಂಚೆ ಸೋರುತ್ತಿರಬಹುದು. ಆಮ್ಲಜನಕದ ಸೆನ್ಸರೇ ಕೆಟ್ಟಿರುವುದೂ ಉಂಟು. ಇವುಗಳನ್ನು ಬೇರ್ಪಡಿಸಲು ದಾರಿಯಿದೆ. ಬಿರುಕಿನಿಂದ ನುಗ್ಗುವ ಗಾಳಿ, ಗಾಡಿ ನಿಂತಲ್ಲೇ ಎಂಜಿನ್ ಓಡುವಾಗ ದೊಡ್ಡ ಪಾಲು. ವೇಗ ಏರಿಸಿದಾಗ ಒಟ್ಟು ಗಾಳಿಯೇ ಹೆಚ್ಚುವುದರಿಂದ ಆ ಪಾಲು ಸಣ್ಣದಾಗುತ್ತದೆ. ಪಂಪ್ ಸೋತಿದ್ದರೆ ತಿರುವುಮುರುವು: ನಿಂತಾಗ ಎಲ್ಲ ಸರಿ, ಘಾಟಿ ಹತ್ತುವಾಗ ಕೊರತೆ. ಫ್ಯುಯೆಲ್ ಟ್ರಿಮ್ ಅಂಕಿಯನ್ನು ಎರಡೂ ಸ್ಥಿತಿಯಲ್ಲಿ ನೋಡಿದರೆ ಅನುಮಾನದ ಪಟ್ಟಿ ಅರ್ಧಕ್ಕೆ ಇಳಿಯುತ್ತದೆ. ದೀಪ ಹೊತ್ತಿದ ಗಳಿಗೆಯ ಚಿತ್ರಣವನ್ನು ಕಂಪ್ಯೂಟರ್ ‘ಫ್ರೀಜ್ ಫ್ರೇಮ್’ ಎಂದು ಉಳಿಸಿಕೊಂಡಿರುವುದರಿಂದ ಖಂಬಾಟ್ಕಿ ಏರಿನಲ್ಲಿ ಆದದ್ದನ್ನು ಸಾತಾರಾದಲ್ಲಿ ನಿಂತು ಓದಬಹುದು. ಕೋಡ್ ಅಳಿಸಿದರೆ ಆ ಚಿತ್ರಣವೂ ಅಳಿಯುತ್ತದೆ. ಓದಿ ಬರೆದುಕೊಳ್ಳದೆ ‘ದೀಪ ಆರಿಸಿಕೊಡುವುದು’ ಸೇವೆಯಲ್ಲ, ಸಾಕ್ಷ್ಯನಾಶ.

ಹಳೆಯ ಕಿವಿ, ಹೊಸ ಅಂಕಿ

ಈ ಚರ್ಚೆ ಬಂದಾಗಲೆಲ್ಲ ಹಳೆಯ ಕಾಲದ ಹಂಬಲವೂ ಬರುತ್ತದೆ. ಅಂಬಾಸಿಡರ್, ಪದ್ಮಿನಿ ಕಾಲದ ಮೇಸ್ತ್ರಿ ಕಿವಿಯಲ್ಲೇ ಎಂಜಿನ್ ಹಿಡಿಯುತ್ತಿದ್ದ, ಈಗಿನ ಹುಡುಗರಿಗೆ ಸ್ಕ್ಯಾನರ್ ಇಲ್ಲದೆ ಕೈ ಓಡುವುದಿಲ್ಲ ಎಂಬ ಮಾತು. ಇದರಲ್ಲಿ ಅರ್ಧ ನಿಜವಿದೆ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರಲ್ಲೂ ಇದ್ದದ್ದು ಕಾರ್ಬುರೇಟರೇ. 1999ರಲ್ಲಿ ಯೂರೋ-1, ಮರುವರ್ಷ ಯೂರೋ-2 ಮಾನದಂಡ ಪಾಲಿಸದ ಕಾರುಗಳ ನೋಂದಣಿ ರಾಷ್ಟ್ರ ರಾಜಧಾನಿ ವಲಯದಲ್ಲಿ ಇಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅದು ಹಿಂದೆ ಸರಿಯಿತು, ಕಾರುಗಳ ಬೆನ್ನ ಮೇಲೆ ‘ಎಂಪಿಎಫ್‌ಐ’ ಎಂಬ ಅಕ್ಷರಗಳು ಮಿಂಚತೊಡಗಿದವು. ಕಂಪ್ಯೂಟರ್ ಬಹುಪಾಲು ಮನೆಗಳ ಕಾರಿನೊಳಗೆ ಬಂದದ್ದು ಹೀಗೆ, ಗಾಳಿಯ ಕೊಳೆಯ ಕಾರಣದಿಂದ.

ಆದರೆ ಹಳೆಯ ಮೇಸ್ತ್ರಿ ಮಾಡುತ್ತಿದ್ದದ್ದೂ ಓದುವುದನ್ನೇ. ಬೆಂಗಳೂರಿನ ಆಡುಗೋಡಿಯ ಮೈಕೊ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ಬಿಚ್ಚಿ ತುದಿಯ ಬಣ್ಣ ನೋಡುತ್ತಿದ್ದ. ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು, ಬೂದಿಯ ಹಾಗೆ ಬೆಳ್ಳಗಿದ್ದರೆ ಗಾಳಿ ಹೆಚ್ಚು, ತಿಳಿಗಂದು ಇದ್ದರೆ ಸರಿ. ಪ್ಲಗ್ಗಿನ ಬಣ್ಣ ಹೇಳುತ್ತಿದ್ದದ್ದನ್ನೇ ಈಗ ಫ್ಯುಯೆಲ್ ಟ್ರಿಮ್ ಅಂಕಿಯಲ್ಲಿ ಹೇಳುತ್ತದೆ. ಪ್ಲಗ್ ಕಪ್ಪಾಗಿದೆ ಎಂದು ಬರೀ ಪ್ಲಗ್ ಬದಲಿಸಿ ಕಳಿಸುವ ಮೇಸ್ತ್ರಿಯನ್ನು ಆಗಲೂ ಜನ ಒಳ್ಳೆಯವನೆಂದು ಹೇಳುತ್ತಿರಲಿಲ್ಲ. ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಕಪ್ಪಾದ ಪ್ಲಗ್ಗನ್ನು ಅವನು ಗಿರಾಕಿಯ ಅಂಗೈಗೆ ಇಡುತ್ತಿದ್ದ. ಇಂದಿನ ಸ್ಕ್ಯಾನರಿನ ಪರದೆ ಗಿರಾಕಿಯ ಕಡೆಗೆ ತಿರುಗುವುದಿಲ್ಲ.

ತಿರುಗಿದರೆ ಏನು ಲಾಭ ಎಂಬುದಕ್ಕೆ ಎಥೆನಾಲಿಗಿಂತ ಒಳ್ಳೆಯ ಉದಾಹರಣೆ ಬೇಡ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. 2025ರ ಹೊತ್ತಿಗೆ ಅದು ದೇಶದ ಸಾಮಾನ್ಯ ಪೆಟ್ರೋಲೇ ಆಯಿತು, ಮೈಲೇಜ್ ಬಿದ್ದಿದೆ ಎಂಬ ದೂರೂ ಎದ್ದಿತು. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. ಜೊತೆಗೆ ಅದರೊಳಗೇ ಆಮ್ಲಜನಕವಿರುವುದರಿಂದ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಬೇಕು. ಕಾರಿನ ಕಂಪ್ಯೂಟರ್ ಇದನ್ನು ಸದ್ದಿಲ್ಲದೆ ಗುರುತಿಸಿ ತಿದ್ದಿಕೊಂಡಿರುತ್ತದೆ. ಒಂದು ಕಡೆ ಏನೂ ಆಗಿಲ್ಲ ಎನ್ನುವವರು, ಇನ್ನೊಂದು ಕಡೆ ಎಂಜಿನ್ನೇ ಹಾಳಾಯಿತು ಎನ್ನುವವರು ಜಗಳ ಆಡುತ್ತಿರುವಾಗ ಪ್ರತಿಯೊಂದು ಕಾರೂ ತನ್ನ ಪಾಲಿನ ಅಂಕಿಯನ್ನು ಒಳಗೇ ಇಟ್ಟುಕೊಂಡು ನಿಂತಿದೆ. ಕೇಳುವವರಿಲ್ಲ.

ಸಾಕ್ಷಿಯೇ ಸುಳ್ಳು ಹೇಳಿದಾಗ

ಕಂಪ್ಯೂಟರ್ ಪ್ರಾಮಾಣಿಕವಾಗಿ ತಪ್ಪು ಊಹಿಸುವುದು ಒಂದು. ಬೇಕೆಂದೇ ಸುಳ್ಳು ಹೇಳಿಸುವುದು ಇನ್ನೊಂದು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಫೋಕ್ಸ್‌ವ್ಯಾಗನ್ ಕಂಪನಿಗೆ ನೋಟಿಸ್ ಕೊಟ್ಟಿತು. ಅದರ ಡೀಸೆಲ್ ಕಾರುಗಳ ಎಂಜಿನ್ ಕಂಪ್ಯೂಟರ್, ಸ್ಟಿಯರಿಂಗ್ ತಿರುಗುತ್ತಿದೆಯೇ, ವೇಗ ಹೇಗೆ ಬದಲಾಗುತ್ತಿದೆ, ಎಂಜಿನ್ ಎಷ್ಟು ಹೊತ್ತಿನಿಂದ ಓಡುತ್ತಿದೆ ಎಂಬುದನ್ನೆಲ್ಲ ನೋಡಿ ತಾನು ಪ್ರಯೋಗಾಲಯದಲ್ಲಿ ಇದ್ದೇನೆಯೇ ರಸ್ತೆಯಲ್ಲಿ ಇದ್ದೇನೆಯೇ ಎಂದು ಗುರುತಿಸುತ್ತಿತ್ತು. ಪ್ರಯೋಗಾಲಯದಲ್ಲಿ ಶುದ್ಧ ಹೊಗೆ. ರಸ್ತೆಯಲ್ಲಿ ಸಾರಜನಕದ ಆಕ್ಸೈಡುಗಳು ಮಿತಿಯ 40 ಪಟ್ಟಿನವರೆಗೆ. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಇಂಥ ಸಾಫ್ಟ್‌ವೇರ್ ಇದೆ ಎಂದು ಕಂಪನಿ ಒಪ್ಪಿಕೊಂಡಿತು. ಭಾರತದಲ್ಲಿ ಆ ವರ್ಷದ ಡಿಸೆಂಬರಿನಲ್ಲಿ ಸುಮಾರು 3.23 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸುವುದಾಗಿ ಪ್ರಕಟಿಸಿತು. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 500 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪನಿ ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿತು.

ಈ ಮೋಸ ಹೊರಬಿದ್ದ ರೀತಿ ಗಮನಿಸಬೇಕು. ಹಳದಿ ದೀಪ ಹೊತ್ತಿ ಹೇಳಲಿಲ್ಲ. ಕಾವಲುಗಾರನೂ ಆರೋಪಿಯೂ ಒಂದೇ ಡಬ್ಬಿಯಲ್ಲಿದ್ದರು. ಪಶ್ಚಿಮ ವರ್ಜೀನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಅಳೆಯುವ ಉಪಕರಣವನ್ನು ಕಾರಿನಲ್ಲೇ ಇಟ್ಟುಕೊಂಡು ರಸ್ತೆಯಲ್ಲಿ ಓಡಿಸಿ ನೋಡಿದಾಗ ಅಂಕಿಗಳು ಕೂಡಿಬರಲಿಲ್ಲ. ಆಮೇಲೆ ಜರ್ಮನಿಯ ಫೆಲಿಕ್ಸ್ ಡೊಮ್ಕೆ ಎಂಬ ತಂತ್ರಜ್ಞರು ಕಂಪ್ಯೂಟರಿನ ಒಳಗಿನ ಸಾಫ್ಟ್‌ವೇರನ್ನೇ ಬಿಡಿಸಿ ಓದಿ, ಆ ಕಳ್ಳದಾರಿ ಎಲ್ಲಿದೆ ಎಂದು 2015ರ ಕೊನೆಯಲ್ಲಿ ಸಾರ್ವಜನಿಕವಾಗಿ ತೋರಿಸಿದರು. ಅದಕ್ಕೆ ಅಲ್ಲಿದ್ದ ಹೆಸರು ‘ಅಕೌಸ್ಟಿಕ್’, ಸದ್ದಿಗೆ ಸಂಬಂಧಿಸಿದ ಸ್ಥಿತಿ ಎಂಬಂತೆ. ಹೆಸರಿನಲ್ಲೂ ಮುಸುಕು. ಹೊರಗಿನವರು ಅಳೆಯದೆ, ಹೊರಗಿನವರು ಓದದೆ ಇದು ತಿಳಿಯುತ್ತಿರಲಿಲ್ಲ. ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡುವ ಹಕ್ಕು ಯಾಕೆ ಬೇಕು ಎಂಬುದಕ್ಕೆ ಇಷ್ಟು ಸಾಕು.

ಓದುವುದು ಬೇರೆ, ತಿದ್ದುವುದು ಬೇರೆ

ಡ್ಯಾಶ್‌ಬೋರ್ಡಿನ ಕೆಳಗೆ, ಚಾಲಕರ ಮೊಣಕಾಲಿನ ಹತ್ತಿರ, 16 ಪಿನ್ನಿನ ಒಂದು ಸಾಕೆಟ್ ಇರುತ್ತದೆ. ಅದನ್ನು ಯಾವ ತಯಾರಕರೂ ಔದಾರ್ಯದಿಂದ ಕೊಟ್ಟದ್ದಲ್ಲ. ಲಾಸ್ ಏಂಜಲೀಸಿನ ಕೊಳೆಗಾಳಿಯಿಂದ ಬೇಸತ್ತ ಕ್ಯಾಲಿಫೋರ್ನಿಯಾ ರಾಜ್ಯ, ಕಾರು ತನ್ನ ದೋಷವನ್ನು ತಾನೇ ಹೇಳಬೇಕು ಎಂದು 1988ರ ಮಾದರಿಗಳಿಂದ ನಿಯಮ ಮಾಡಿತು. ಎಲ್ಲ ಕಾರುಗಳಿಗೂ ಒಂದೇ ಸಾಕೆಟ್, ಒಂದೇ ಕೋಡ್ ಎಂಬುದು ಅಮೆರಿಕದಲ್ಲಿ ಕಡ್ಡಾಯವಾದದ್ದು 1996ರ ಮಾದರಿಗಳಿಂದ. ಭಾರತಕ್ಕೆ ಅದು ಬಿಎಸ್-4ರ ಜೊತೆಗೆ, 2010ರಿಂದ ಹಂತ ಹಂತವಾಗಿ ಬಂತು. 2020ರ ಏಪ್ರಿಲ್‌ನ ಬಿಎಸ್-6 ನಂತರ ದ್ವಿಚಕ್ರಗಳ ಮೇಲೂ ಅದೇ ಹಳದಿ ದೀಪ ಕಾಣತೊಡಗಿತು. ಈಗ ಇದು ಕಾರುಳ್ಳವರ ಸಂಗತಿಯಷ್ಟೇ ಅಲ್ಲ, ಊಟ ತಲುಪಿಸುವ ಹುಡುಗನ ದಿನದ ದುಡಿಮೆಯ ಪ್ರಶ್ನೆಯೂ ಹೌದು. ಒಟ್ಟಿನಲ್ಲಿ ಪಿ0171ರ ಆ 0 ಸಾರ್ವಜನಿಕ ಆಸ್ತಿ, ಕಾನೂನು ಗಳಿಸಿಕೊಟ್ಟದ್ದು.

ಆದರೆ ಆ ಸಾರ್ವಜನಿಕ ಭಾಷೆ ಹೊಗೆಗೆ ಸಂಬಂಧಪಟ್ಟಷ್ಟಕ್ಕೆ ಮಾತ್ರ. ಬ್ರೇಕ್, ಏರ್‌ಬ್ಯಾಗ್, ಬೀಗದ ಕೀಲಿಗಳ ವಿಷಯದಲ್ಲಿ ತಯಾರಕರ ಸ್ವಂತ ಕೋಡು, ಸ್ವಂತ ಉಪಕರಣ. ಗ್ರಾಹಕರೊಬ್ಬರು ಕೊಟ್ಟ ದೂರಿನಿಂದ ಶುರುವಾದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು 14 ಕಾರು ಕಂಪನಿಗಳಿಗೆ ಒಟ್ಟು 2,544.65 ಕೋಟಿ ರೂಪಾಯಿ ದಂಡ ಹಾಕಿದ್ದು ಇದೇ ಕಾರಣಕ್ಕೆ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡುವುದು ಸ್ಪರ್ಧೆಗೆ ವಿರುದ್ಧ ಎಂದು ಆಯೋಗ ಹೇಳಿತು. ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ವಾರಂಟಿಯೇ ರದ್ದು ಎಂಬ ಸಾರಾಸಗಟು ಷರತ್ತು ಸಲ್ಲದು ಎಂದಿತು. ಆದೇಶ ಮೇಲ್ಮನವಿಗಳ ದಾರಿ ಹಿಡಿಯಿತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕಿ’ಗಾಗಿ ಸಮಿತಿ ರಚಿಸಿ, ವಾಹನಗಳನ್ನೂ ಪಟ್ಟಿಗೆ ಸೇರಿಸಿ, ಜಾಲತಾಣ ತೆರೆಯಿತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಇದನ್ನು ಮತ ಹಾಕಿ ಕಾನೂನಾಗಿಸಿದ್ದರು.

ತಯಾರಕರ ವಾದದಲ್ಲಿ ಹುರುಳಿಲ್ಲದಿಲ್ಲ. ಕಾರಿನ ಕಂಪ್ಯೂಟರನ್ನು ಎಲ್ಲರಿಗೂ ತೆರೆದಿಟ್ಟರೆ ಕಳ್ಳರಿಗೂ ತೆರೆದಂತೆ, ಹೆಚ್ಚು ಪಿಕಪ್ ಬೇಕೆಂದು ಸಾಫ್ಟ್‌ವೇರ್ ತಿದ್ದಿ ಕಪ್ಪು ಹೊಗೆ ಬಿಡುವವರಿಗೂ ತೆರೆದಂತೆ ಎನ್ನುತ್ತಾರೆ. ನಿಜ. ಆದರೆ ಓದುವುದೂ ತಿದ್ದುವುದೂ ಒಂದಲ್ಲ. ಆಸ್ಪತ್ರೆಯ ರಕ್ತಪರೀಕ್ಷೆಯ ವರದಿ ರೋಗಿಯ ಕೈಗೆ ಕೊಟ್ಟರೆ ಶಸ್ತ್ರಚಿಕಿತ್ಸೆಯ ಕತ್ತಿಯನ್ನೂ ಕೊಟ್ಟಂತಾಗುವುದಿಲ್ಲ. ತಿದ್ದುವ ಬಾಗಿಲಿಗೆ ಬೀಗ ಇರಲಿ, ಓದುವ ಕಿಟಕಿ ತೆರೆದಿರಲಿ. 2015ರಲ್ಲಿ ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್ ಎಂಬ ಸಂಶೋಧಕರು ಓಡುತ್ತಿದ್ದ ಜೀಪೊಂದನ್ನು ದೂರದಿಂದಲೇ ವಶಕ್ಕೆ ತೆಗೆದುಕೊಂಡು ತೋರಿಸಿದಾಗ ಸುಮಾರು 14 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ಅವರು ಒಳನುಗ್ಗಿದ್ದು ಮೊಣಕಾಲಿನ ಬಳಿಯ ಸಾಕೆಟ್ಟಿನಿಂದಲ್ಲ. ಕಂಪನಿಯೇ ಇಟ್ಟಿದ್ದ ಮೊಬೈಲ್ ಸಂಪರ್ಕದ ಮೂಲಕ. ಹೊಸ ಕಾರುಗಳು ಇಂಥ ಸಂಪರ್ಕದಿಂದ ಮಾಲೀಕರ ಓಟದ ವಿವರಗಳನ್ನು ಕಂಪನಿಗೆ ಕಳಿಸುತ್ತಲೇ ಇರುತ್ತವೆ. ಕಂಪನಿ ದೂರದಿಂದ ಓದಬಹುದಾದದ್ದನ್ನು ಮಾಲೀಕರು ಒಳಗೆ ಕೂತು ಓದಬಾರದು ಎಂಬುದಕ್ಕೆ ಭದ್ರತೆಯ ಹೆಸರು ಹೊಂದುವುದಿಲ್ಲ.

ಯಾವ ಕೋಡ್?

ಕಾನೂನು ಬರುವವರೆಗೆ ಕಾಯದೆ ಆಗಬಹುದಾದ ಕೆಲಸ ಒಂದಿದೆ. ರಿಪೇರಿ ಬಿಲ್ಲಿನಲ್ಲಿ ಆಯಿಲ್, ಫಿಲ್ಟರ್, ಕೂಲಿ ಎಂದು ಸಾಲು ಸಾಲು ಬರೆಯುವ ಹಾಗೆ, ಸಿಕ್ಕ ಕೋಡ್ ಯಾವುದು, ಫ್ರೀಜ್ ಫ್ರೇಮಿನಲ್ಲಿ ಏನಿತ್ತು, ಯಾವ ಪರೀಕ್ಷೆ ಮಾಡಿ ಈ ಭಾಗ ಕೆಟ್ಟಿದೆ ಎಂದು ತೀರ್ಮಾನಿಸಲಾಯಿತು ಎಂಬ ಮೂರು ಸಾಲು ಬರೆಯುವುದು. ಮೂರನೆಯ ಸಾಲು ಖಾಲಿ ಇದ್ದರೆ, ಭಾಗ ಬದಲಿಸಿದ್ದು ಊಹೆಯ ಮೇಲೆ ಎಂದು ಗಿರಾಕಿಗೆ ತಿಳಿಯುತ್ತದೆ. ಕೆಲಸ ಬಲ್ಲ ಮೆಕ್ಯಾನಿಕ್‌ಗೆ ಇದರಿಂದ ನಷ್ಟವಿಲ್ಲ, ಅವನ ಅರ್ಧ ಗಂಟೆಯ ಯೋಚನೆಗೆ ಬಿಲ್ಲಿನಲ್ಲಿ ಒಂದು ಜಾಗ ಸಿಕ್ಕಂತಾಗುತ್ತದೆ. ಈಗ ಆ ಯೋಚನೆಗೆ ಯಾರೂ ದುಡ್ಡು ಕೊಡುವುದಿಲ್ಲ, ಬದಲಿಸಿದ ಸೆನ್ಸರ್‌ಗೆ ಮಾತ್ರ ಕೊಡುತ್ತಾರೆ. ಸೆನ್ಸರ್‌ಗಳು ಪದೇ ಪದೇ ‘ಹೋಗಲು’ ಇದೂ ಒಂದು ಕಾರಣ.

ಇನ್ನೊಂದು ಕೆಲಸ ತಯಾರಕರದು. ಜಗತ್ತಿನ ಎಷ್ಟೋ ವಾಹನಗಳ ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಕೆಲಸ ಬೆಂಗಳೂರಿನಲ್ಲಿ, ಪುಣೆಯಲ್ಲಿ ನಡೆಯುತ್ತದೆ. ದಾರಿ ತೋರಿಸುವ ಆ್ಯಪ್ ಎಡಕ್ಕೆ ತಿರುಗಿ ಎಂದು ಕನ್ನಡದಲ್ಲಿ ಹೇಳುತ್ತದೆ. ಕಾರು ಮಾತ್ರ ತನ್ನ ಸಂಕಟವನ್ನು ಒಂದು ಚಿತ್ರದಲ್ಲಿ, ಹೆಚ್ಚೆಂದರೆ ನಾಲ್ಕು ಇಂಗ್ಲಿಷ್ ಪದದಲ್ಲಿ ಹೇಳುತ್ತದೆ. ದೊಡ್ಡ ಪರದೆ ಇರುವ ಕಾರುಗಳಲ್ಲಿ ‘ಗಾಳಿಯ ಲೆಕ್ಕಕ್ಕೆ ಪೆಟ್ರೋಲ್ ಸಾಲುತ್ತಿಲ್ಲ, ನಿಧಾನವಾಗಿ ಓಡಿಸಬಹುದು, ಬೇಗ ತೋರಿಸಿ’ ಎಂದು ಕನ್ನಡ, ಮರಾಠಿ, ತಮಿಳಿನಲ್ಲಿ ಬರೆಯಲು ತಂತ್ರಜ್ಞಾನದ ಅಡ್ಡಿ ಯಾವುದೂ ಇಲ್ಲ.

ಖಂಬಾಟ್ಕಿ ಏರಿನಲ್ಲಿದ್ದ ಕುಟುಂಬಕ್ಕೆ ಅಲ್ಲಿಯವರೆಗೆ ಕಾಯಲು ಆಗುವುದಿಲ್ಲ. ಅವರು ಮೊದಲು ನೋಡಬೇಕಾದದ್ದು ದೀಪ ಸ್ಥಿರವಾಗಿ ಉರಿಯುತ್ತಿದೆಯೋ ಮಿಟುಕುತ್ತಿದೆಯೋ ಎಂದು. ಮಿಟುಕುತ್ತಿದ್ದರೆ ಮಿಸ್ಸಿಂಗ್ ಜೋರಾಗಿದೆ, ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರನ್ನೇ ಸುಡಬಹುದು. ಆದಷ್ಟು ಬೇಗ ಪಕ್ಕಕ್ಕೆ ತೆಗೆದು ನಿಲ್ಲಿಸಬೇಕು. ಸ್ಥಿರವಾಗಿದ್ದು, ಎಂಜಿನ್ ಬಿಸಿ ಏರದೆ, ಆಯಿಲ್ ದೀಪ ಹೊತ್ತದೆ, ಓಟ ಎಂದಿನಂತಿದ್ದರೆ ನಿಧಾನವಾಗಿ ಸಾತಾರಾ ಮುಟ್ಟಬಹುದು. ಸಾಕೆಟ್ಟಿಗೆ ಚುಚ್ಚಿ ಫೋನಿನಲ್ಲಿ ಕೋಡ್ ಓದುವ ಪುಟ್ಟ ಉಪಕರಣ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದು ಕೈಯಲ್ಲಿದ್ದರೆ ಗ್ಯಾರೇಜು ತಲುಪುವ ಮೊದಲೇ ಕೋಡನ್ನೂ ಫ್ರೀಜ್ ಫ್ರೇಮನ್ನೂ ಬರೆದಿಟ್ಟುಕೊಂಡಿರಬಹುದು.

ಅಲ್ಲಿನ ಮೆಕ್ಯಾನಿಕ್ ಸ್ಕ್ಯಾನರ್ ಹಾಕಿ, ಪರದೆ ನೋಡಿ, ‘ಸೆನ್ಸರ್ ಗೇಲಾ’ ಎನ್ನಬಹುದು. ಆಗ ಅವನ ಮೇಲೆ ರೇಗಬೇಕಿಲ್ಲ, ದೊಡ್ಡ ಮರಾಠಿಯೂ ಬೇಕಿಲ್ಲ. ‘ಕೋಣ್ತಾ ಕೋಡ್?’ ಎಂದು ಕೇಳಿ, ಅವನು ಪರದೆಯನ್ನು ಈ ಕಡೆ ತಿರುಗಿಸುವವರೆಗೆ ಅಲ್ಲೇ ನಿಂತಿದ್ದರೆ ಆಯಿತು.